96 ರಿಂದ 1152 ಮೆಗಾಹರ್ಟ್ಸ್: ಡಯೋಡ್ ಡಬ್ಲರ್‌ನಿಂದ ಔಟ್‌ಪುಟ್ಟೇ ಬರ್ತಿಲ್ಲ, ಎಲ್ಲಿ ತಪ್ಪಿದೆ?

ಹೊಸಬೆಸುಗೆ

ಎಲ್ಲರಿಗೂ ನಮಸ್ಕಾರ. 1296 ಮೆಗಾಹರ್ಟ್ಸ್‌ಗೆ ಒಂದು ಟ್ರಾನ್ಸ್‌ವರ್ಟರ್ (ರೇಡಿಯೊ ಸೆಟ್‌ನ ಸಿಗ್ನಲ್ ಅನ್ನು ಬೇರೆ ಬ್ಯಾಂಡಿಗೆ ಸರಿಸುವ ಪೆಟ್ಟಿಗೆ) ಕಟ್ಟುತ್ತಿದ್ದೇನೆ. ಹಿಂದೆ 144ರ ಸೆಟ್ ಇರುತ್ತದೆ. ಹಾಗಾಗಿ ಅದರ ಜೊತೆ ಬೆರೆಸುವ ಲೋಕಲ್ ಓಸಿಲೇಟರ್ ಎರಡರ ವ್ಯತ್ಯಾಸಕ್ಕೆ, ಅಂದರೆ 1152ಕ್ಕೆ ಬೇಕು. 96 ಮೆಗಾಹರ್ಟ್ಸ್ ಕ್ರಿಸ್ಟಲ್ ಓಸಿಲೇಟರ್ ಚೆನ್ನಾಗಿ ಓಡುತ್ತಿದೆ, +10 ಡಿಬಿಎಂ (10 ಮಿಲಿವ್ಯಾಟ್; 0 ಡಿಬಿಎಂ ಅಂದರೆ 1 ಮಿಲಿವ್ಯಾಟ್) ಸಿಗುತ್ತಿದೆ. ಇನ್ನು ಅದನ್ನು 12 ಪಟ್ಟು ಮಾಡಬೇಕು, ಅಷ್ಟೇ ಅಂದುಕೊಂಡಿದ್ದೆ.

ಮೊದಲ ಹಂತದಲ್ಲೇ, 96ನ್ನು ಎರಡು ಪಟ್ಟು ಮಾಡುವ ಡಬ್ಲರ್‌ನಲ್ಲೇ, ಸಿಕ್ಕಿಹಾಕಿಕೊಂಡಿದ್ದೇನೆ. ಟೊರಾಯ್ಡ್ (ಉಂಗುರದಂಥ ಕೋರ್) ಮೇಲೆ ಮೂರು ತಂತಿ ಒಟ್ಟಿಗೆ ಸುತ್ತಿದ್ದೇನೆ. ಒಂದು ತಂತಿ ಇನ್‌ಪುಟ್‌ಗೆ. ಉಳಿದ ಎರಡನ್ನು ಸರಣಿಯಲ್ಲಿ ಜೋಡಿಸಿ ಮಧ್ಯದ ಟ್ಯಾಪ್ ಗ್ರೌಂಡ್ ಮಾಡಿದ್ದೇನೆ. ಎರಡು ತುದಿಗೂ ಒಂದೊಂದು 1ಎನ್5711 ಷಾಟ್ಕಿ ಡಯೋಡ್ (ಲೋಹ ಮತ್ತು ಅರೆವಾಹಕ ಸೇರಿದ, ಬೇಗ ಮುಚ್ಚುವ ಡಯೋಡ್), ಎರಡರ ಕ್ಯಾಥೋಡ್ ಒಂದೇ ಕಡೆ ಸೇರಿಸಿ, ಅಲ್ಲಿಂದ 1 ನ್ಯಾನೋಫ್ಯಾರಡ್ ಕೆಪಾಸಿಟರ್ ಮೂಲಕ ಔಟ್‌ಪುಟ್. 192ಕ್ಕೆ ಸುಮಾರು -2 ಡಿಬಿಎಂ ಬರಬೇಕಿತ್ತು. ಬರುತ್ತಿರುವುದು -38! ಡಯೋಡ್ ಎರಡು ಸಲ ಬದಲಿಸಿದೆ, ಕಾಯಿಲ್ ಮತ್ತೆ ಸುತ್ತಿದೆ. ಏನೂ ವ್ಯತ್ಯಾಸ ಇಲ್ಲ. ಡಯೋಡೇ ಸರಿ ಇಲ್ವಾ?

ತಾಮ್ರತಂತಿ

ಡಯೋಡ್ ಬದಲಿಸಬೇಡಿ, ಪಾಪ ಅದರ ತಪ್ಪಿಲ್ಲ. ಒಂದು ಕೆಲಸ ಮಾಡಿ. ಓಸಿಲೇಟರ್ ಆನ್ ಇರುವಾಗಲೇ ಮಲ್ಟಿಮೀಟರ್ ಅನ್ನು ಡಿಸಿ ವೋಲ್ಟ್‌ಗೆ ಇಟ್ಟು, ಎರಡು ಕ್ಯಾಥೋಡ್ ಸೇರುವ ಜಾಗ ಮುಟ್ಟಿ ನೋಡಿ. ಎಷ್ಟು ತೋರಿಸುತ್ತದೆ ಅಂತ ಇಲ್ಲಿ ಬರೆಯಿರಿ.

ಹೊಸಬೆಸುಗೆ

1.7 ವೋಲ್ಟ್ ತೋರಿಸುತ್ತಿದೆ ಸರ್. ಇದು ಎಲ್ಲಿಂದ ಬಂತು? ನಾನು ಅಲ್ಲಿ ಡಿಸಿ ಕೊಟ್ಟೇ ಇಲ್ಲವಲ್ಲ.

ತಾಮ್ರತಂತಿ

ನೀವು ಕೊಟ್ಟಿಲ್ಲ, ಡಯೋಡ್‌ಗಳು ಮಾಡಿಕೊಂಡಿವೆ. ನೀವು ಕಟ್ಟಿರುವುದು ಡಬ್ಲರ್ ಅಲ್ಲ, ಪೀಕ್ ಡಿಟೆಕ್ಟರ್!

ಸೈನ್ ಅಲೆಯ ಎರಡೂ ಅರ್ಧವನ್ನು ಮೇಲಕ್ಕೆ ಮಡಚಿದರೆ ಏನಾಗುತ್ತದೆ? ಪೀಕ್ 1 ಇದ್ದ ಅಲೆಯಲ್ಲಿ ಸರಾಸರಿಯಾಗಿ 0.64 ಡಿಸಿ ಹುಟ್ಟುತ್ತದೆ, ಎರಡರಷ್ಟು ಕಂಪನಾಂಕದ ಅಲೆ 0.42 ಹುಟ್ಟುತ್ತದೆ, ನಾಲ್ಕರಷ್ಟು ಕಂಪನಾಂಕದ್ದು 0.085. ಮೂಲ ಕಂಪನಾಂಕ ಮಾಯ. ಅಂದರೆ ನಿಮಗೆ ಬೇಕಾದ 192ಕ್ಕಿಂತ ಡಿಸಿಯೇ ಜಾಸ್ತಿ. ಆ ಡಿಸಿ ಕರೆಂಟ್ ಹರಿದು ಹೋಗೋಕೆ ನೀವು ದಾರಿಯೇ ಇಟ್ಟಿಲ್ಲ. ಮುಂದೆ ಕೆಪಾಸಿಟರ್ ಇದೆ, ಅದು ಡಿಸಿ ಬಿಡಲ್ಲ. ಹಿಂದೆ ಡಯೋಡ್ ಇದೆ, ಅದು ವಾಪಸ್ ಬಿಡಲ್ಲ. ಚಾರ್ಜ್ ಅಲ್ಲೇ ಕೂತುಕೊಂಡು 1.7 ವೋಲ್ಟ್ ಆಗಿದೆ, ಎರಡೂ ಡಯೋಡ್ ಬಾಗಿಲು ಹಾಕಿಕೊಂಡಿವೆ.

+10 ಡಿಬಿಎಂ ಅಂದರೆ 50 ಓಮ್‌ನಲ್ಲಿ 1 ವೋಲ್ಟ್ ಪೀಕ್, 1.7 ಹೇಗೆ ಬಂತು ಅಂತ ಅನುಮಾನ ಬರಬಹುದು. ಡಯೋಡ್ ತೆರೆಯದಿದ್ದರೆ ಓಸಿಲೇಟರ್‌ಗೆ ಲೋಡ್ ಇಲ್ಲ. ಲೋಡ್ ಇಲ್ಲದಿದ್ದರೆ ವೋಲ್ಟೇಜ್ ಎರಡರಷ್ಟಾಗಿ 2 ವೋಲ್ಟ್ ಪೀಕ್ ಆಗುತ್ತದೆ. ಅದರಲ್ಲಿ ಡಯೋಡ್‌ನ ಡ್ರಾಪ್ ಕಳೆಯಿರಿ, ಲೆಕ್ಕ ಸರಿಹೋಯಿತು.

ಕ್ಯಾಥೋಡ್ ಸೇರುವ ಜಾಗದಿಂದ ಗ್ರೌಂಡ್‌ಗೆ ಒಂದು 1 ಮೈಕ್ರೋಹೆನ್ರಿ ಚೋಕ್ (ಡಿಸಿ ಬಿಟ್ಟು ಮೇಲಿನ ಕಂಪನಾಂಕ ತಡೆಯುವ ಕಾಯಿಲ್) ಹಾಕಿ. ಚೋಕ್‌ನ ಕೆಳತುದಿಯನ್ನು ನೇರ ಗ್ರೌಂಡ್ ಮಾಡುವ ಬದಲು 47 ಓಮ್ ರೆಸಿಸ್ಟರ್ ಮೂಲಕ ಗ್ರೌಂಡ್ ಮಾಡಿ, ರೆಸಿಸ್ಟರ್‌ಗೆ ಪಕ್ಕದಲ್ಲೇ 1 ನ್ಯಾನೋಫ್ಯಾರಡ್ ಕೊಡಿ. ಆಗ ಆ ರೆಸಿಸ್ಟರ್ ಮೇಲಿನ ವೋಲ್ಟೇಜ್ ನೋಡಿಯೇ ಡ್ರೈವ್ (ಒಳಗೆ ಬರುವ ಸಿಗ್ನಲ್) ಎಷ್ಟಿದೆ ಅಂತ ಗೊತ್ತಾಗುತ್ತದೆ. 0.4 ವೋಲ್ಟ್ ಆಸುಪಾಸು ಇದ್ದರೆ ಎಲ್ಲ ಸರಿ.

ಹೊಸಬೆಸುಗೆ

ಸರ್, ಒಂದೇ ಒಂದು ಚೋಕ್! -38 ಇದ್ದದ್ದು -2.5 ಆಯಿತು. ರೆಸಿಸ್ಟರ್ ಮೇಲೆ 0.37 ವೋಲ್ಟ್. ಮೂರು ದಿನ ಡಯೋಡ್‌ಗೆ ಬೈಯುತ್ತಾ ಕೂತಿದ್ದೆ.

ಸುಮ್ನೆಓದುವವ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. +10 ಒಳಗೆ ಹಾಕಿ -2 ಹೊರಗೆ ಬಂದರೆ 12 ಡಿಬಿ ಹೋಯಿತಲ್ಲ? ಹದಿನಾರರಲ್ಲಿ ಒಂದು ಪಾಲು ಮಾತ್ರ ಬಂದ ಹಾಗೆ. ಇದಕ್ಕೆ ಇಷ್ಟು ಖುಷಿನಾ?

ತಾಮ್ರತಂತಿ

ಖುಷಿಪಡಲೇಬೇಕು, ಯಾಕೆಂದರೆ ಇಲ್ಲಿ ಪ್ರಕೃತಿಯೇ ಒಂದು ಗೆರೆ ಎಳೆದಿದೆ. ಷಾಟ್ಕಿ ಡಯೋಡ್ ಅಂದರೆ ಮುಖ್ಯವಾಗಿ ನೇರವಲ್ಲದ ರೆಸಿಸ್ಟರ್. ಇಂಥ ರೆಸಿಸ್ಟರ್‌ನಿಂದ ಎನ್ ಪಟ್ಟು ಕಂಪನಾಂಕ ತೆಗೆದರೆ, ಕೊಟ್ಟ ಶಕ್ತಿಯಲ್ಲಿ ಅತಿ ಹೆಚ್ಚು ಅಂದರೆ 1/ಎನ್² ಭಾಗ ಮಾತ್ರ ಸಿಗುತ್ತದೆ. 1956ರಲ್ಲಿ ಪೇಜ್ ಎಂಬುವವರು ಇದನ್ನು ಗಣಿತದಲ್ಲೇ ತೋರಿಸಿದರು. ಡಬ್ಲರ್‌ಗೆ 6 ಡಿಬಿ, ಟ್ರಿಪ್ಲರ್‌ಗೆ 9.5, ನಾಲ್ಕು ಪಟ್ಟಿಗೆ 12. ಇದಕ್ಕಿಂತ ಕಡಿಮೆ ನಷ್ಟ ಯಾರಿಂದಲೂ ಆಗಲ್ಲ.

ನಮ್ಮ ಮಡಚುವ ಸರ್ಕ್ಯೂಟ್‌ನಲ್ಲಿ ಆ 0.42ನ್ನು ವರ್ಗ ಮಾಡಿದರೆ 0.18. ಅಂದರೆ ಡಯೋಡ್ ಆದರ್ಶವಾಗಿದ್ದರೂ 7.4 ಡಿಬಿ ನಷ್ಟ. ಅದರ ಮೇಲೆ ಡಯೋಡ್ ಡ್ರಾಪ್, ಒಳರೆಸಿಸ್ಟೆನ್ಸ್, ಟ್ರಾನ್ಸ್‌ಫಾರ್ಮರ್ ನಷ್ಟ. 11-12 ಬಂದರೆ ಒಳ್ಳೆ ಕೆಲಸ ಅಂತಲೇ ಅರ್ಥ.

ಇನ್ನೊಂದು ತಮಾಷೆ ಇದೆ. ಎರಡು ಡಬ್ಲರ್ ಒಂದರ ಹಿಂದೆ ಒಂದು ಇಟ್ಟರೆ ಕಾಲು ಭಾಗದಲ್ಲಿ ಕಾಲು ಭಾಗ, ಅಂದರೆ 1/16. ಒಂದೇ ಏಟಿಗೆ ನಾಲ್ಕು ಪಟ್ಟು ಮಾಡಿದರೂ 1/16. ಕಾಗದದ ಮೇಲೆ ಎರಡೂ ಒಂದೇ! ಆದರೂ ಎಲ್ಲರೂ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು ಫಿಲ್ಟರ್‌ಗೋಸ್ಕರ.

ಹಳೇವಾಲ್ವ್

ಈ 1/ಎನ್² ಮಾತು ರೆಸಿಸ್ಟರ್ ಥರ ಕೆಲಸ ಮಾಡುವ ಡಯೋಡ್‌ಗೆ ಮಾತ್ರ. ಅದನ್ನು ಹೇಳದೆ ಬಿಟ್ಟರೆ ವರಾಕ್ಟರ್‌ಗೆ ಅನ್ಯಾಯ ಆಗುತ್ತದೆ. ರಿವರ್ಸ್‌ನಲ್ಲಿರುವ ಡಯೋಡ್ ಒಂದು ಕೆಪಾಸಿಟರ್. ವೋಲ್ಟೇಜ್ ಬದಲಾದಂತೆ ಅದರ ಬೆಲೆ ಬದಲಾಗುತ್ತದೆ. ಇದಕ್ಕೆಂದೇ ಮಾಡಿದ ಡಯೋಡೇ ವರಾಕ್ಟರ್. ಕೆಪಾಸಿಟರ್ ಶಕ್ತಿಯನ್ನು ತಿನ್ನಲ್ಲ, ಇಟ್ಟುಕೊಂಡು ವಾಪಸ್ ಕೊಡುತ್ತದೆ. ಅದೇ 1956ರಲ್ಲೇ ಮ್ಯಾನ್ಲಿ ಮತ್ತು ರೋ ಅವರು ತೋರಿಸಿದ ಪ್ರಕಾರ, ನಷ್ಟವಿಲ್ಲದ ಇಂಥ ಕೆಪಾಸಿಟರ್‌ನಿಂದ ಕೊಟ್ಟದ್ದನ್ನೆಲ್ಲ ಹಾರ್ಮೋನಿಕ್ (ಮೂಲ ಕಂಪನಾಂಕದ ಎರಡು, ಮೂರು ಪಟ್ಟಿನಂಥ ಅಲೆ) ಮಾಡಬಹುದು. ಶೇಕಡಾ ನೂರು!

ನಿಜ ಜೀವನದಲ್ಲಿ ನೂರು ಬರಲ್ಲ, ಆದರೆ ಅರ್ಧಕ್ಕಿಂತ ಜಾಸ್ತಿ ಬರುತ್ತದೆ. ಮೊದಲು ನಾವು 144ರ ಟ್ರಾನ್ಸ್‌ಮಿಟರ್ ಹಿಂದೆ ಬಿಎವೈ96 ವರಾಕ್ಟರ್ ಹಾಕಿ 432 ತೆಗೆಯುತ್ತಿದ್ದೆವು. ಪೆಟ್ಟಿಗೆಗೆ ಸಪ್ಲೈ ವೈರೇ ಇರಲಿಲ್ಲ. ಒಂದು ಕಡೆ 10 ವ್ಯಾಟ್ ತಳ್ಳಿದರೆ ಇನ್ನೊಂದು ಕಡೆ 5-6 ವ್ಯಾಟ್ ಬರುತ್ತಿತ್ತು.

ಅದರಲ್ಲಿ ಒಂದು ಸೂಕ್ಷ್ಮ ಇದೆ. ಥಟ್ಟನೆ ಬದಲಾಗುವ ಜಂಕ್ಷನ್‌ನ ವರಾಕ್ಟರ್‌ನಲ್ಲಿ ವೋಲ್ಟೇಜು ಚಾರ್ಜ್‌ನ ವರ್ಗದಂತೆ ನಡೆಯುತ್ತದೆ. ವರ್ಗ ಎರಡನೇ ಹಾರ್ಮೋನಿಕ್ ಮಾತ್ರ ಕೊಡುತ್ತದೆ, ಮೂರನೆಯದು ನೇರವಾಗಿ ಹುಟ್ಟಲ್ಲ. ಹಾಗಾಗಿ 288ಕ್ಕೆ ಟ್ಯೂನ್ ಆದ ಒಂದು ಕಾಯಿಲು-ಕೆಪಾಸಿಟರ್ ಜೋಡಿಯನ್ನು ಡಯೋಡ್‌ಗೆ ಅಡ್ಡ ಇಡಬೇಕು. ಅದಕ್ಕೆ ಐಡ್ಲರ್ ಅಂತ ಹೆಸರು. 288ರ ಕರೆಂಟ್ ಅಲ್ಲೇ ಸುತ್ತುತ್ತದೆ, 144ರ ಜೊತೆ ಸೇರಿ 432 ಆಗುತ್ತದೆ. ಹೊರಗಡೆ 288 ಎಲ್ಲೂ ಕಾಣಲ್ಲ, ಆದರೆ ಅದರ ಟ್ರಿಮ್ಮರ್ ಸ್ವಲ್ಪ ತಿರುಗಿಸಿದರೆ 432 ಸತ್ತೇ ಹೋಗುತ್ತದೆ.

ಹೊಸಬೆಸುಗೆ

ಹಾಗಾದರೆ ನಾನೂ ವರಾಕ್ಟರ್ ಹಾಕಲಾ? ನಷ್ಟ ಕಡಿಮೆ ಅಂತೀರಲ್ಲ.

ಹಳೇವಾಲ್ವ್

ಬೇಡ ಮಾರಾಯ್ರೇ. ವ್ಯಾಟ್‌ಗಟ್ಟಲೆ ಶಕ್ತಿ ಬೇಕಾದಾಗ ಅದು ಸರಿ. ನಿಮಗೆ ಬೇಕಿರುವುದು ಮಿಲಿವ್ಯಾಟ್. ಕಳೆದುಹೋದ 12 ಡಿಬಿ ವಾಪಸ್ ತರೋಕೆ ಒಂದು ಎಂಎಂಐಸಿ (ಮೈಕ್ರೋವೇವ್ ಚಿಪ್) ಆಂಪ್ಲಿಫೈಯರ್ ಸಾಕು, 20 ಡಿಬಿ ಕೊಡುತ್ತದೆ.

ವರಾಕ್ಟರ್‌ನ ಟ್ಯೂನಿಂಗ್ ಕಾಟ ಅನುಭವಿಸಿದವರಿಗೇ ಗೊತ್ತು. ಟ್ರಿಮ್ಮರ್ ತಿರುಗಿಸುತ್ತಾ ಹೋದಂತೆ ಔಟ್‌ಪುಟ್ ನಿಧಾನಕ್ಕೆ ಏರುತ್ತದೆ, ಏರುತ್ತದೆ, ಥಟ್ಟನೆ ಬಿದ್ದುಹೋಗುತ್ತದೆ. ಸರಿ ಅಂತ ಹಿಂದಕ್ಕೆ ತಿರುಗಿಸಿದರೆ ಅದೇ ಜಾಗಕ್ಕೆ ಬಂದರೂ ಮೇಲೇಳಲ್ಲ, ಇನ್ನೂ ತುಂಬಾ ಹಿಂದಕ್ಕೆ ಹೋಗಬೇಕು. ಡಯೋಡ್‌ನ ಸರಾಸರಿ ಕೆಪಾಸಿಟೆನ್ಸು ಡ್ರೈವ್ ಮೇಲೇ ನಿಂತಿರುವುದರಿಂದ ಹೀಗೆ. ಕೆಲವೊಮ್ಮೆ ತನ್ನಷ್ಟಕ್ಕೆ ತಾನೇ ಕೂಗೋಕೂ ಶುರು ಮಾಡುತ್ತದೆ.

ಇನ್ನೊಂದು ಮಾತು, ಯಾವ ಮಲ್ಟಿಪ್ಲೈಯರ್ ಮೂಲಕವೂ ಎಸ್‌ಎಸ್‌ಬಿ ಧ್ವನಿ ಕಳಿಸೋಕೆ ಆಗಲ್ಲ. ಸಿಡಬ್ಲ್ಯೂ (ಮೋರ್ಸ್) ಮತ್ತು ಎಫ್‌ಎಂ ಮಾತ್ರ. ಎಫ್‌ಎಂನಲ್ಲೂ ಟ್ರಿಪ್ಲರ್ ಹಾಕಿದರೆ ಡೀವಿಯೇಷನ್ (ಧ್ವನಿಗೆ ತಕ್ಕಂತೆ ಕಂಪನಾಂಕದ ಓಲಾಟ) ಮೂರು ಪಟ್ಟಾಗುತ್ತದೆ, ಮೈಕ್ ಗೇನ್ ಇಳಿಸಬೇಕು.

ಸುಮ್ನೆಓದುವವ

ನನ್ನ ಹತ್ತಿರ 1ಎನ್4148 ರಾಶಿ ಇದೆ. ಅದು ನಡೆಯುತ್ತಾ? ಆಮೇಲೆ ಬಿಎಟಿ54 ಕೂಡ ಷಾಟ್ಕಿನೇ ಅಲ್ವಾ?

ತಾಮ್ರತಂತಿ

1ಎನ್4148 ಪಿಎನ್ ಡಯೋಡ್. ರಿವರ್ಸ್ ಆದಮೇಲೆ ಬಾಗಿಲು ಮುಚ್ಚೋಕೆ 4 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. 10 ಮೆಗಾಹರ್ಟ್ಸ್‌ಗೆ ಒಂದು ಸುತ್ತು 100 ನ್ಯಾನೋಸೆಕೆಂಡ್, ಅಲ್ಲಿ ಚೆನ್ನಾಗಿ ನಡೆಯುತ್ತದೆ. 96ಕ್ಕೆ ಒಂದು ಸುತ್ತೇ 10.4 ನ್ಯಾನೋಸೆಕೆಂಡ್. ಮುಚ್ಚುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಸುತ್ತು ಮುಗಿದಿರುತ್ತದೆ.

ಬಿಎಟಿ54 ಷಾಟ್ಕಿ ಹೌದು, ಆದರೆ ಕೆಪಾಸಿಟೆನ್ಸ್ 10 ಪಿಕೋಫ್ಯಾರಡ್‌ವರೆಗೂ ಇರುತ್ತದೆ. 192ಕ್ಕೆ ಅದು 83 ಓಮ್, 1152ಕ್ಕೆ ಬರೀ 14 ಓಮ್. ಡಯೋಡ್ ಮುಚ್ಚಿದ್ದರೂ ಸಿಗ್ನಲ್ ಪಕ್ಕದ ಕಿಟಕಿಯಿಂದ ಹೋಗುತ್ತಿರುತ್ತದೆ. 1ಎನ್5711 2 ಪಿಕೋಫ್ಯಾರಡ್ ಒಳಗೆ, ಎಚ್‌ಎಸ್‌ಎಂಎಸ್-282 ಸರಣಿಯದ್ದು 1 ಪಿಕೋಫ್ಯಾರಡ್ ಒಳಗೆ.

ಡಯೋಡ್ ಆರಿಸುವಾಗ ನಾನು ನೋಡುವುದು ಎರಡೇ ಅಂಕಿ, ಒಳರೆಸಿಸ್ಟೆನ್ಸ್ ಮತ್ತು ಕೆಪಾಸಿಟೆನ್ಸ್. ಅವೆರಡನ್ನೂ 2 ಪೈ ಜೊತೆ ಗುಣಿಸಿ, 1ನ್ನು ಅದರಿಂದ ಭಾಗಿಸಿದರೆ ಕಟ್‌ಆಫ್ ಕಂಪನಾಂಕ. 6 ಓಮ್, 1 ಪಿಕೋಫ್ಯಾರಡ್ ಇದ್ದರೆ 26 ಗಿಗಾಹರ್ಟ್ಸ್. ಔಟ್‌ಪುಟ್ ಕಂಪನಾಂಕ ಇದಕ್ಕಿಂತ ಹತ್ತು ಪಟ್ಟಾದರೂ ಕೆಳಗಿರಲಿ ಅನ್ನುವುದು ನನ್ನ ಕೈ ಅಳತೆ. 1152ಕ್ಕೆ ಬೇಕಾದಷ್ಟಾಯಿತು.

ಪಿಎಲ್‌ಎಲ್‌ಪ್ರೇಮಿ

ಇಷ್ಟೆಲ್ಲ ಒದ್ದಾಟ ಯಾಕೆ ಅಂತ ಅರ್ಥ ಆಗುತ್ತಿಲ್ಲ. ಎಡಿಎಫ್4351 ಚಿಪ್ ಒಂದು ಬೋರ್ಡ್ ಮೇಲೆ ಇಟ್ಟರೆ 35ರಿಂದ 4400 ಮೆಗಾಹರ್ಟ್ಸ್‌ವರೆಗೆ ಯಾವುದು ಬೇಕೋ ಅದು ಬರುತ್ತದೆ. ಕಾಯಿಲ್ ಸುತ್ತುವ ಕಾಲ ಹೋಯಿತು.

ಗದ್ದಲಮಾಪಕ

ಯಾವುದು ಬೇಕೋ ಅದು ಬರುತ್ತದೆ, ಬೇಡದ್ದೂ ಜೊತೆಗೆ ಬರುತ್ತದೆ.

ಮಲ್ಟಿಪ್ಲೈಯರ್‌ನಲ್ಲಿ ಫೇಸ್ ನಾಯ್ಸ್ (ಸಿಗ್ನಲ್‌ನ ಅಕ್ಕಪಕ್ಕ ಹರಡುವ ಗದ್ದಲ) 20 ಲಾಗ್ ಎನ್ ಡಿಬಿ ಏರುತ್ತದೆ. ಡಬ್ಲರ್‌ಗೆ 6, ಟ್ರಿಪ್ಲರ್‌ಗೆ 9.5, ಹನ್ನೆರಡು ಪಟ್ಟಿಗೆ 21.6. ಕ್ರಿಸ್ಟಲ್ ಓಸಿಲೇಟರ್ 10 ಕಿಲೋಹರ್ಟ್ಸ್ ದೂರದಲ್ಲಿ -155 ಇದ್ದರೆ 1152ರಲ್ಲಿ -133 ಸಿಗುತ್ತದೆ. ಷಾಟ್ಕಿ ಡಯೋಡ್ ತನ್ನ ಕಡೆಯಿಂದ ಸೇರಿಸುವ ಗದ್ದಲ ತೀರಾ ಕಡಿಮೆ. ಚಿಪ್ ಒಳಗಿನ ವಿಸಿಓಗೆ (ವೋಲ್ಟೇಜ್‌ನಿಂದ ಕಂಪನಾಂಕ ಬದಲಾಗುವ ಓಸಿಲೇಟರ್‌ಗೆ) ಈ ಮಟ್ಟ ಕನಸು. ಪಕ್ಕದಲ್ಲೇ ಜೋರಾದ ಸ್ಟೇಷನ್ ಇದ್ದಾಗ ವ್ಯತ್ಯಾಸ ಕಿವಿಗೇ ಕೇಳುತ್ತದೆ. ಚಿಪ್ ಬೇಡ ಅನ್ನುತ್ತಿಲ್ಲ. ಕಂಪನಾಂಕ ಬದಲಿಸುತ್ತಾ ಇರಬೇಕಾದರೆ ಅದೇ ಸರಿ. ಇವರಿಗೆ ಬೇಕಿರುವುದು ಒಂದೇ ಒಂದು ಕಂಪನಾಂಕ.

ಪಿಎಲ್‌ಎಲ್‌ಪ್ರೇಮಿ

-133 ಅಂಕಿಗೆ ಒಪ್ಪಿದೆ. ಆದರೆ ಹನ್ನೆರಡು ಪಟ್ಟಿಗೆ ಮೂರು ಹಂತ, ಮೂರು ಫಿಲ್ಟರ್ ಯಾಕೆ? ಸ್ಟೆಪ್ ರಿಕವರಿ ಡಯೋಡ್ ಹಾಕಿ ಒಂದೇ ಹಂತದಲ್ಲಿ ಮುಗಿಸಬಹುದಲ್ಲ?

ಹಳೇವಾಲ್ವ್

ಈ ಪ್ರಶ್ನೆ ಬರಲೇಬೇಕಿತ್ತು.

ಸ್ಟೆಪ್ ರಿಕವರಿ ಡಯೋಡ್ ನನಗೆ ತುಂಬಾ ಇಷ್ಟದ್ದು. ಮುಂದಕ್ಕೆ ಕರೆಂಟ್ ಹರಿಯುವಾಗ ಅದು ಚಾರ್ಜ್ ತುಂಬಿಕೊಳ್ಳುತ್ತದೆ. ಅಲೆ ತಿರುಗಿದ ಮೇಲೂ ಆ ಚಾರ್ಜ್ ಖಾಲಿಯಾಗುವವರೆಗೆ ಬಾಗಿಲು ತೆರೆದೇ ಇರುತ್ತದೆ, ಹಿಮ್ಮುಖವಾಗಿಯೂ ಕರೆಂಟ್ ಬಿಡುತ್ತದೆ. ಕೊನೆಯ ಚಾರ್ಜ್ ಹೋದ ಕ್ಷಣ ಫಟ್ ಅಂತ ಮುಚ್ಚುತ್ತದೆ, ನೂರು ಪಿಕೋಸೆಕೆಂಡ್ ಆಸುಪಾಸಿನಲ್ಲಿ. ಆಗ ಪಕ್ಕದ ಪುಟ್ಟ ಕಾಯಿಲ್‌ನಲ್ಲಿ ಹರಿಯುತ್ತಿದ್ದ ಕರೆಂಟ್‌ಗೆ ದಾರಿ ತಪ್ಪಿ ಒಂದು ಚೂಪಾದ ಪಲ್ಸ್ ಏಳುತ್ತದೆ. ಈ ಗುಣವನ್ನು 1960ರ ಹೊತ್ತಿಗೆ ಎಚ್‌ಪಿ ಕಂಪನಿಯವರು ಹಿಡಿದು ಬಳಕೆಗೆ ತಂದರು. ಅವರ 920ನೇ ಅಪ್ಲಿಕೇಷನ್ ನೋಟ್ ಈಗಲೂ ಈ ಕೆಲಸಕ್ಕೆ ಪಠ್ಯದ ಹಾಗೆ.

96ರಿಂದ 1152ಕ್ಕೆ ಲೆಕ್ಕ ಹೀಗೆ. ಡಯೋಡ್ ಒಳಗಿನ ಚಾರ್ಜ್‌ನ ಆಯಸ್ಸನ್ನು ಇನ್‌ಪುಟ್ ಕಂಪನಾಂಕ ಮತ್ತು 2 ಪೈಯಿಂದ ಗುಣಿಸಿದರೆ 10ಕ್ಕಿಂತ ಜಾಸ್ತಿ ಬರಬೇಕು. ಅಂದರೆ ಆಯಸ್ಸು 17 ನ್ಯಾನೋಸೆಕೆಂಡಾದರೂ ಇರಬೇಕು. ಪಲ್ಸ್‌ನ ಅಗಲ ಔಟ್‌ಪುಟ್‌ನ ಒಂದು ಸುತ್ತಿಗಿಂತ ಕಡಿಮೆ, ಅರ್ಧ ಸುತ್ತಿನಷ್ಟಿದ್ದರೆ ಒಳ್ಳೆಯದು. 1152ಕ್ಕೆ ಅರ್ಧ ಸುತ್ತು ಸುಮಾರು 430 ಪಿಕೋಸೆಕೆಂಡ್. ಅಗಲವನ್ನು ಪೈಯಿಂದ ಭಾಗಿಸಿ, ವರ್ಗ ಮಾಡಿ, ಡಯೋಡ್ ಕೆಪಾಸಿಟೆನ್ಸ್‌ನಿಂದ ಭಾಗಿಸಿದರೆ ಆ ಪುಟ್ಟ ಕಾಯಿಲ್‌ನ ಬೆಲೆ. 1 ಪಿಕೋಫ್ಯಾರಡ್‌ಗೆ 19 ನ್ಯಾನೋಹೆನ್ರಿ. ದಕ್ಷತೆ 1/ಎನ್² ಅಲ್ಲ, ಸುಮಾರು 1/ಎನ್. ಹನ್ನೆರಡು ಪಟ್ಟಿಗೆ ಇದು ದೊಡ್ಡ ಲಾಭ.

ತೊಂದರೆ ಏನೆಂದರೆ ಅದು ಬಾಚಣಿಗೆ ಥರ 96, 192, 288 ಅಂತ ಎಲ್ಲ ಹಲ್ಲನ್ನೂ ಕೊಡುತ್ತದೆ. 1152ರ ಪಕ್ಕದಲ್ಲೇ 1056 ಮತ್ತು 1248, ಹೆಚ್ಚುಕಡಿಮೆ ಅಷ್ಟೇ ಜೋರಾಗಿ. ಬರೀ 8 ಪರ್ಸೆಂಟ್ ದೂರ. ಅವನ್ನು 60 ಡಿಬಿ ಕೆಳಗೆ ತಳ್ಳೋಕೆ ನಾಲ್ಕೈದು ರೆಸೊನೇಟರ್‌ನ ತಾಮ್ರದ ಫಿಲ್ಟರ್ ಬೇಕು. ಮೆಟ್ಟಿಲು ಮೆಟ್ಟಿಲಾಗಿ ಹೋದರೆ 96ರ ನೆರೆಹೊರೆಯವರನ್ನು 192ರಲ್ಲೇ ಮುಗಿಸಬಹುದು. ಅಲ್ಲಿ 96 ಅಂದರೆ 50 ಪರ್ಸೆಂಟ್ ದೂರ, ನಾಲ್ಕು ಕಾಯಿಲ್‌ನಲ್ಲಿ ಕೆಲಸ ಆಗುತ್ತದೆ.

ಹೊಸಬೆಸುಗೆ

ಸರಿ, ಮೆಟ್ಟಿಲೇ ಹತ್ತುತ್ತೇನೆ. 192, 384, ಆಮೇಲೆ ಮೂರು ಪಟ್ಟು ಮಾಡಿ 1152.

192ರ ಡಬ್ಲರ್‌ನ ಪೂರ್ತಿ ಅಳತೆ ಇಲ್ಲಿದೆ. 96 ಸೋರಿಕೆ -19, 192 -2.5, 384 -11. 96 ಇಷ್ಟು ಸೋರಬಾರದು ಅಲ್ವಾ? ಮತ್ತೆ 384 ಇಷ್ಟು ಚೆನ್ನಾಗಿ ಬರುತ್ತಿದ್ದರೆ ಎರಡನೇ ಡಬ್ಲರ್ ಬಿಟ್ಟು ನೇರವಾಗಿ ಇದನ್ನೇ ಫಿಲ್ಟರ್ ಮಾಡಿ ತೆಗೆದುಕೊಳ್ಳಲಾ?

ಗದ್ದಲಮಾಪಕ

384 ನಂಬಬೇಡಿ. ಮಡಚಿದ ಅಲೆಯಲ್ಲಿ ನಾಲ್ಕನೆಯದು ಎರಡನೆಯದರ ಐದನೇ ಒಂದು ಭಾಗ, ಅಂದರೆ 14 ಡಿಬಿ ಕೆಳಗೆ ಇರಬೇಕು. ನಿಮ್ಮದು 8.5 ಮಾತ್ರ ಕೆಳಗಿದೆ. ಉಳಿದದ್ದನ್ನು ನಿಮ್ಮ ಸ್ಪೆಕ್ಟ್ರಮ್ ಅನಲೈಸರ್ (ಯಾವ ಕಂಪನಾಂಕ ಎಷ್ಟಿದೆ ಅಂತ ತೋರಿಸುವ ಯಂತ್ರ) ತಾನೇ ಹುಟ್ಟಿಸಿರಬಹುದು. ಅದರೊಳಗೂ ಒಂದು ಮಿಕ್ಸರ್ ಇದೆ, ಅದೂ ಡಯೋಡೇ! ಜೋರಾಗಿ 192 ಹೊಡೆದರೆ ಅದೂ ಡಬ್ಲರ್ ಆಗುತ್ತದೆ.

ಅನಲೈಸರ್ ಬಾಯಿಗೆ 10 ಡಿಬಿ ಪ್ಯಾಡ್ (ಸಿಗ್ನಲ್ ತಗ್ಗಿಸುವ ರೆಸಿಸ್ಟರ್ ಜಾಲ) ಹಾಕಿ ನೋಡಿ. ನಿಜವಾದ ಸಿಗ್ನಲ್ 10 ಇಳಿಯುತ್ತದೆ. ಅನಲೈಸರ್ ಹುಟ್ಟಿಸಿದ ಎರಡನೇ ಹಾರ್ಮೋನಿಕ್ 20 ಇಳಿಯುತ್ತದೆ.

ಹೊಸಬೆಸುಗೆ

ಹಾಕಿದೆ. 192 ಸರಿಯಾಗಿ 10 ಇಳಿಯಿತು. 384 ಮಾತ್ರ 14 ಇಳಿಯಿತು. ಇನ್ನೊಂದು ಪ್ಯಾಡ್ ಸೇರಿಸಿದೆ, ಇನ್ನೂ 12 ಇಳಿಯಿತು. ಅಂದರೆ ನಿಜವಾದ 384 ಸುಮಾರು -17ರ ಹತ್ತಿರ. ನೀವು ಹೇಳಿದ ಲೆಕ್ಕಕ್ಕೇ ಬಂತು. ಅಳೆಯುವ ಯಂತ್ರವೇ ಸುಳ್ಳು ಹೇಳಿದರೆ ಯಾರನ್ನು ಕೇಳೋದು ಸ್ವಾಮಿ!

ತಾಮ್ರತಂತಿ

96 ಸೋರಿಕೆಗೆ ಕಾರಣ ಸಮತೋಲ ತಪ್ಪಿರುವುದು. ಎರಡು ಅರ್ಧವೂ ಒಂದೇ ಥರ ಇದ್ದರೆ ಮಾತ್ರ 96 ಒಂದನ್ನೊಂದು ಹೊಡೆದುಹಾಕುತ್ತದೆ. ಮೂರು ತಂತಿಯನ್ನು ಪಕ್ಕಪಕ್ಕ ಇಟ್ಟು ಸುತ್ತಿದ್ದೀರಾ, ಅಥವಾ ಮೊದಲೇ ಹೊಸೆದುಕೊಂಡು ಸುತ್ತಿದ್ದೀರಾ? ಜಡೆ ಹೊಸೆದ ಹಾಗೆ ಬಿಗಿಯಾಗಿ ಹೊಸೆದು, ಆಮೇಲೆ ಸುತ್ತಿ. ಡಯೋಡ್‌ಗಳನ್ನು ಮಲ್ಟಿಮೀಟರ್‌ನ ಡಯೋಡ್ ಸ್ಥಾನದಲ್ಲಿ ಅಳೆದು, ಒಂದೇ ಅಂಕಿ ತೋರಿಸುವ ಜೋಡಿ ಆರಿಸಿ. ಬೆರಳಿನ ಬಿಸಿಗೂ ಅಂಕಿ ಬದಲಾಗುತ್ತದೆ, ಇಕ್ಕಳದಲ್ಲಿ ಹಿಡಿಯಿರಿ.

ಸಿಮ್ಯುಲೇಷನ್ ಮಾಡುವವರಿಗೂ ಒಂದು ಮಾತು. ಎಲ್‌ಟಿಸ್ಪೈಸ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಪೂರ್ತಿ ಆದರ್ಶ ಇಟ್ಟರೆ 96 ಸೊನ್ನೆ ತೋರಿಸುತ್ತದೆ, ಅದನ್ನು ನೋಡಿ ಹಿಗ್ಗಬೇಡಿ. ಕಪ್ಲಿಂಗ್ 0.98 ಇಟ್ಟು, ಎರಡು ಅರ್ಧಕ್ಕೂ ಚೂರು ಬೇರೆ ಬೇರೆ ಬೆಲೆ ಕೊಟ್ಟು ನೋಡಿ. ಎಫ್‌ಎಫ್‌ಟಿ (ಅಲೆಯನ್ನು ಅದರ ಕಂಪನಾಂಕಗಳಾಗಿ ಬಿಡಿಸುವ ಲೆಕ್ಕ) ಮಾಡುವ ಮೊದಲು ಪ್ಲಾಟ್ ಡೇಟಾ ಕುಗ್ಗಿಸುವುದನ್ನು ಆಫ್ ಮಾಡಿ, ಟೈಮ್‌ಸ್ಟೆಪ್ ಸಣ್ಣದಿಡಿ. ಇಲ್ಲದಿದ್ದರೆ ನೆಲದ ಮೇಲೆ ಇಲ್ಲದ ಹುಲ್ಲೆಲ್ಲ ಬೆಳೆದಿರುತ್ತದೆ.

ಹೊಸಬೆಸುಗೆ

ಹೊಸೆದು ಸುತ್ತಿದೆ, ಹನ್ನೆರಡು ಡಯೋಡ್‌ನಲ್ಲಿ ಒಂದು ಜೋಡಿ ಆರಿಸಿದೆ. 96 ಈಗ -31. 192 -2ಕ್ಕೆ ಬಂತು. ಎರಡನೇ ಡಬ್ಲರ್ ಕೂಡ ಅದೇ ಅಚ್ಚಿನಲ್ಲಿ ಮಾಡಿದೆ, ಮೊದಲ ಸಲಕ್ಕೇ ಎದ್ದಿತು.

ಹೊಸಬೆಸುಗೆ

ಖುಷಿ ಜಾಸ್ತಿ ಹೊತ್ತು ಇರಲಿಲ್ಲ. ಟ್ರಿಪ್ಲರ್ ಕೈ ಕೊಡುತ್ತಿದೆ. ಎಚ್‌ಎಸ್‌ಎಂಎಸ್-2822 ಹಾಕಿದ್ದೇನೆ. ಅದರೊಳಗೆ ಎರಡು ಡಯೋಡ್ ಸರಣಿಯಲ್ಲಿವೆ. ಎರಡು ತುದಿ ಕಾಲು ಗ್ರೌಂಡ್ ಮಾಡಿ, ಮಧ್ಯದ ಕಾಲು ಸಿಗ್ನಲ್ ಲೈನ್‌ಗೆ ಕೊಟ್ಟೆ. ಹೀಗೆ ಮಾಡಿದರೆ ಒಂದು ಮೇಲ್ಮುಖ, ಒಂದು ಕೆಳಮುಖ ಆಗುತ್ತದೆ ಅಂತ ಓದಿದ್ದೆ. 384ಕ್ಕೆ +13 ಕೊಟ್ಟರೆ 1152 -19 ಬರುತ್ತದೆ. ವಿಚಿತ್ರ ಏನೆಂದರೆ ಮಧ್ಯದ ಕೇಬಲ್ ಬದಲಿಸಿದರೆ -12 ಆಗುತ್ತದೆ! ಇನ್ನೊಂದು ಕೇಬಲ್‌ಗೆ -22. ಇಲ್ಲೂ ಡಿಸಿ ದಾರಿ ಮರೆತೆನಾ?

ತಾಮ್ರತಂತಿ

ಇಲ್ಲಿ ಡಿಸಿ ದಾರಿ ಬೇಡ. ತಲೆಕೆಳಗಾಗಿ ಜೋಡಿಸಿದ ಜೋಡಿಯಲ್ಲಿ ಡಿಸಿ ಮತ್ತು ಸಮಸಂಖ್ಯೆಯ ಹಾರ್ಮೋನಿಕ್‌ಗಳು ಆ ಎರಡು ಡಯೋಡ್ ಒಳಗೇ ಸುತ್ತಿಕೊಂಡಿರುತ್ತವೆ. ಹೊರಗೆ ಬರುವುದು ಬೆಸಸಂಖ್ಯೆಯವು ಮಾತ್ರ. ಅದಕ್ಕೇ 768ರ ಕಾಟ ಇಲ್ಲದೆ ಮೂರನೆಯದು ಸಿಗುವುದು.

ನಿಮ್ಮ ಕೇಬಲ್ ಕಥೆಯೇ ಸುಳಿವು. ಡಯೋಡ್‌ನಲ್ಲಿ ಹುಟ್ಟಿದ 1152 ಎರಡೂ ಕಡೆ ಹೋಗುತ್ತದೆ. ಹಿಂದಕ್ಕೆ ಹೋದದ್ದು ಏನನ್ನು ನೋಡುತ್ತದೆ? ಇನ್‌ಪುಟ್ ಕಡೆ ಲೋಪಾಸ್ ಫಿಲ್ಟರ್ (ಕೆಳಗಿನ ಕಂಪನಾಂಕ ಮಾತ್ರ ಬಿಡುವುದು) ಇದೆಯಲ್ಲ, ಅದು ಡಯೋಡ್ ಪಕ್ಕದಲ್ಲಿ ಕೆಪಾಸಿಟರ್‌ನಿಂದ ಮುಗಿಯುತ್ತದಾ, ಕಾಯಿಲ್‌ನಿಂದ ಮುಗಿಯುತ್ತದಾ?

ಹೊಸಬೆಸುಗೆ

ಕೆಪಾಸಿಟರ್. ಕೆಪಾಸಿಟರ್, ಕಾಯಿಲ್, ಕೆಪಾಸಿಟರ್. ಅಲ್ಲಿಂದ ಡಯೋಡ್‌ಗೆ ಸಣ್ಣ ಕೇಬಲ್.

ತಾಮ್ರತಂತಿ

ಸಿಕ್ಕಿತು. 1152ಕ್ಕೆ ಆ ಕೆಪಾಸಿಟರ್ ಹೆಚ್ಚುಕಡಿಮೆ ಗ್ರೌಂಡ್. ನೇರವಾಗಿ ಡಯೋಡ್ ಪಕ್ಕದಲ್ಲಿದ್ದಿದ್ದರೆ ಹುಟ್ಟಿದ 1152ನ್ನೆಲ್ಲ ನುಂಗುತ್ತಿತ್ತು. ಮಧ್ಯೆ ಕೇಬಲ್ ಇದ್ದುದರಿಂದ, ಕಾಲು ಅಲೆಯ ಉದ್ದ ಕೂಡಿಬಂದಾಗ ಅದೇ ಗ್ರೌಂಡ್ ತೆರೆದ ತುದಿಯ ಹಾಗೆ ಕಂಡು ಔಟ್‌ಪುಟ್ ಏರಿತು. ಕಾಗೆ ಕೂತುಕೊಳ್ಳುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಹಾಗೆ. ಅದನ್ನು ಡಿಸೈನ್ ಅನ್ನೋಕಾಗಲ್ಲ.

ಕೇಬಲ್ ತೆಗೆಯಿರಿ. ಫಿಲ್ಟರ್ ತಿರುವುಮುರುವು ಮಾಡಿ: ಕಾಯಿಲ್, ಕೆಪಾಸಿಟರ್, ಕಾಯಿಲ್. ಡಯೋಡ್ ಪಕ್ಕ ಕಾಯಿಲ್ ಬರಲಿ, 1152ಕ್ಕೆ ಅದು ಗೋಡೆಯ ಹಾಗೆ. ಔಟ್‌ಪುಟ್ ಕಡೆ ಬ್ಯಾಂಡ್‌ಪಾಸ್ ಫಿಲ್ಟರ್ ಸಣ್ಣ ಸರಣಿ ಕೆಪಾಸಿಟರ್‌ನಿಂದ ಶುರುವಾಗಲಿ, 384ಕ್ಕೆ ಅದೂ ಗೋಡೆ. ಆಗ 384 ಮುಂದಕ್ಕೆ ಹೋಗಲ್ಲ, 1152 ಹಿಂದಕ್ಕೆ ಹೋಗಲ್ಲ. ಜೊತೆಗೆ ಹಿಂದಿನ ಆಂಪ್ಲಿಫೈಯರ್‌ಗೂ ಫಿಲ್ಟರ್‌ಗೂ ಮಧ್ಯೆ 3 ಡಿಬಿ ಪ್ಯಾಡ್ ಇಡಿ. ವಾಪಸ್ ಬಂದ ಸಿಗ್ನಲ್ ಅದರಲ್ಲಿ ಎರಡು ಸಲ ಹಾದು 6 ಡಿಬಿ ಕಳೆದುಕೊಳ್ಳುತ್ತದೆ.

ತೆರಾದೂರ

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನೀವು ಈಗ ಮಾತಾಡಿದ್ದನ್ನೇ ಸಾವಿರ ಪಟ್ಟು ಮೇಲೆ ಮಾಡುವವರಿಗೂ ಇದೇ ತಲೆನೋವು. 2009ರಲ್ಲಿ ಹಾರಿದ ಹರ್ಷೆಲ್ ಬಾಹ್ಯಾಕಾಶ ದೂರದರ್ಶಕದ ಹೈಫೈ ಉಪಕರಣದಲ್ಲಿ ಲೋಕಲ್ ಓಸಿಲೇಟರ್ 1.9 ಟೆರಾಹರ್ಟ್ಸ್‌ವರೆಗೆ ಹೋಗುತ್ತಿತ್ತು. ಅದೂ ಗ್ಯಾಲಿಯಂ ಆರ್ಸೆನೈಡ್ ಷಾಟ್ಕಿ ಡಯೋಡ್ ಡಬ್ಲರ್-ಟ್ರಿಪ್ಲರ್‌ಗಳ ಸಾಲೇ. ಅಲ್ಲಿ ಫಿಲ್ಟರ್ ಅಂದರೆ ವೇವ್‌ಗೈಡ್‌ನ (ಅಲೆ ಸಾಗುವ ಲೋಹದ ಕೊಳವೆಯ) ಅಗಲ. ಕಡಿಮೆ ಕಂಪನಾಂಕ ಅದರೊಳಗೆ ತೂರಲ್ಲ, ಅಷ್ಟೇ.

ಇವರ ತಲೆಕೆಳಗಾದ ಜೋಡಿಯ ಕೆಲಸವನ್ನು ಒಂದೇ ಡಯೋಡ್‌ನಲ್ಲಿ ಮಾಡುವುದೂ ಇದೆ. 1989ರಲ್ಲಿ ಕೋಲ್ಬರ್ಗ್ ಮತ್ತು ರಿಡ್‌ಬರ್ಗ್ ಸೂಚಿಸಿದ ಹೆಟೆರೊ ತಡೆಗೋಡೆ ವರಾಕ್ಟರ್. ಪ್ಲಸ್ ಕೊಟ್ಟರೂ ಮೈನಸ್ ಕೊಟ್ಟರೂ ಅದರ ಕೆಪಾಸಿಟೆನ್ಸ್ ಒಂದೇ ಥರ ಇಳಿಯುತ್ತದೆ. ಹಾಗಾಗಿ ಬೆಸ ಹಾರ್ಮೋನಿಕ್ ಮಾತ್ರ. ಬಯಾಸೂ (ಹೊರಗಿನಿಂದ ಕೊಡುವ ಡಿಸಿ) ಬೇಡ.

ಹೊಸಬೆಸುಗೆ

ಫಿಲ್ಟರ್ ತಿರುವುಮುರುವು ಮಾಡಿದೆ. -19 ಇದ್ದದ್ದು -4! ಪ್ಯಾಡ್ ಹಾಕಿ ಡ್ರೈವ್ ಮತ್ತೆ +13ಕ್ಕೆ ತಂದಮೇಲೂ -4. ಕೇಬಲ್ ಬದಲಿಸಿದರೆ ಅರ್ಧ ಡಿಬಿ ಕೂಡ ಅಲ್ಲಾಡಲ್ಲ. ಔಟ್‌ಪುಟ್ ಕಡೆ ಒಂದು ಎಂಎಂಐಸಿ ಇಟ್ಟು ಕೊನೆಗೆ 1152ಕ್ಕೆ +9 ಡಿಬಿಎಂ.

ಒಂದೇ ಕೊರತೆ. 1056 ಮತ್ತು 1248 ಎರಡೂ 52 ಡಿಬಿ ಕೆಳಗೆ ಕಾಣುತ್ತಿವೆ. ಕೊನೆಯ ಫಿಲ್ಟರ್‌ಗೆ ಇನ್ನೊಂದು ರೆಸೊನೇಟರ್ ಸೇರಿಸಬೇಕಾ?

ಗದ್ದಲಮಾಪಕ

ಕೊನೆಯ ಫಿಲ್ಟರ್ ಮುಟ್ಟಬೇಡಿ. ಅವು ಅಲ್ಲಿ ಹುಟ್ಟಿದ್ದಲ್ಲ. 384ರ ಹತ್ತಿರ ಅಳೆಯಿರಿ, 288 ಮತ್ತು 480 ಕಾಣುತ್ತವೆ. ಟ್ರಿಪ್ಲರ್ ಅವುಗಳ ನಡುವಿನ 96ರ ಅಂತರವನ್ನು ಹಾಗೇ ಇಟ್ಟು, ಎತ್ತರವನ್ನು ಮಾತ್ರ 9.5 ಡಿಬಿ ಏರಿಸುತ್ತದೆ. ಫೇಸ್ ನಾಯ್ಸ್‌ಗೆ ಇರುವ ನಿಯಮವೇ ಇದಕ್ಕೂ. 384ರಲ್ಲಿ -61 ಇದ್ದರೆ 1152ರಲ್ಲಿ -51.5.

ಹೊಸಬೆಸುಗೆ

ಅಳೆದೆ. ಎರಡೂ -61! ನೀವೇನು ನನ್ನ ಬೆಂಚಿನ ಮೇಲೆ ಕ್ಯಾಮೆರಾ ಇಟ್ಟಿದ್ದೀರಾ?

192ರ ಫಿಲ್ಟರ್‌ಗೆ ಒಂದು ಕಾಯಿಲ್ ಜಾಸ್ತಿ ಸೇರಿಸಿ, ಆ ಹಂತವನ್ನು ತವರದ ಡಬ್ಬಿಯೊಳಗೆ ಹಾಕಿ ಮುಚ್ಚಳ ಬೆಸುಗೆ ಮಾಡಿದೆ. ಈಗ 1056 ಮತ್ತು 1248 ಎರಡೂ -66.

ಹಳೇವಾಲ್ವ್

ಭೇಷ್. 1152 ಕೈಲಿದೆ ಅಂದಮೇಲೆ ಇನ್ನೊಂದು ಆಟ ಇದೆ. 1152ರ ಒಂಬತ್ತರಷ್ಟು ಎಷ್ಟು ಲೆಕ್ಕ ಹಾಕಿ.

ಹೊಸಬೆಸುಗೆ

10368. ಅಯ್ಯೋ, ಅದು 10 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಎಲ್ಲರೂ ಕೂರುವ ಜಾಗ ಅಲ್ವಾ!

ಉಳಿದಿದ್ದ ಇನ್ನೊಂದು 2822ನ್ನು ಎಸ್‌ಎಂಎ ಸಾಕೆಟ್‌ನ ಬಾಯಿಗೇ ಬೆಸುಗೆ ಹಾಕಿದೆ, ಫಿಲ್ಟರ್ ಏನೂ ಇಲ್ಲ. +9 ಕೊಟ್ಟು ಮೇಜಿನ ಆ ತುದಿಯಲ್ಲಿಟ್ಟು, ಈ ತುದಿಯಲ್ಲಿ ಗೆಳೆಯರ 10 ಗಿಗಾಹರ್ಟ್ಸ್ ರಿಸೀವರ್ ತಿರುಗಿಸುತ್ತಾ ಹೋದೆ. 10368ಕ್ಕಿಂತ 14 ಕಿಲೋಹರ್ಟ್ಸ್ ಕೆಳಗೆ ಸಣ್ಣಗೆ ಸಿಳ್ಳೆ ಕೇಳಿಸಿತು. ಕ್ರಿಸ್ಟಲ್ ಡಬ್ಬಿ ಮೇಲೆ ಬೆರಳಿಟ್ಟೆ, ಸಿಳ್ಳೆಯ ಸ್ವರ ನಿಧಾನಕ್ಕೆ ಜಾರಿತು.

ತಾಮ್ರತಂತಿ

14 ಕಿಲೋಹರ್ಟ್ಸನ್ನು 108ರಿಂದ (12 ಪಟ್ಟು, ಅದರ 9 ಪಟ್ಟು) ಭಾಗಿಸಿ. ನಿಮ್ಮ ಕ್ರಿಸ್ಟಲ್ 130 ಹರ್ಟ್ಸ್ ಕೆಳಗಿದೆ, ಟ್ರಿಮ್ಮರ್ ಚೂರು ತಿರುಗಿಸಿ.